ಮಟನ್ ಬೀದಿಯ ಬಣ್ಣದ ಚಿತ್ರಗಳು

ಚೋರ್ ಬಜಾರು ಎಂದೊಡನೆ ಊರಿನಿಂದ ಬಂದ ನೆಂಟರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅದು ಮೊದಲು 'ಶೋರ್' ಬಜಾರು, ಎಂದರೆ ಗದ್ದಲದ ಪೇಟೆಯಾಗಿದ್ದು, ಬಾಯಿಂದ ಬಾಯಿಗೆ ಬಿದ್ದು ಕೆಟ್ಟಿತೆಂದು ಹೇಳುವವರುಂಟು. ಗದ್ದಲಕ್ಕಂತೂ ಇಂದಿಗೂ ಕೊರತೆಯಿಲ್ಲ. ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ನಡೆಯಬೇಕು. ಹಳೆಯ ಗ್ರಾಮಫೋನು, ಹಡಗಿನ ದೀಪ, ಮುಳ್ಳು ಕಳೆದುಕೊಂಡ ಗಡಿಯಾರಗಳು ಕಣ್ಣಿಗೆ ಬಿದ್ದವೆಂದರೆ ಮಟನ್ ಬೀದಿ ಬಂತೆಂದು ತಿಳಿಯಿರಿ.

ನಾನು ಹೋದದ್ದು ಲಾಬಿ ಕಾರ್ಡುಗಳನ್ನು ನೋಡಲು. ಹಿಂದೆ ಚಿತ್ರಮಂದಿರದ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಿನಿಮಾದ ದೃಶ್ಯಗಳನ್ನು ಸಾಲಾಗಿ ಚುಚ್ಚಿಡುತ್ತಿದ್ದರಲ್ಲ, ಅವೇ. ಟಿಕೆಟಿಗೆ ಕಾಸಿಲ್ಲದವರಿಗೆ ಅಷ್ಟೇ ಸಿನಿಮಾ. ಅಂಗಡಿಯ ಮುದುಕರು ಒಂದು ಕಟ್ಟು ಬಿಚ್ಚಿ ಹರಡಿದರು. ಹೆಸರಿನ ಭಾಗ ಹರಿದುಹೋದ ಒಂದು ಕಾರ್ಡಿನಲ್ಲಿ ನಾಯಕಿ ಬಾವಿಕಟ್ಟೆಯ ಮೇಲೆ ಕುಳಿತಿದ್ದಾಳೆ; ಹಸಿರು ಸೀರೆ. ಅದರ ಕೆಳಗೆ ಅದೇ ಬಾವಿ, ಅದೇ ನಾಯಕಿ, ಅದೇ ಓರೆನೋಟ. ಸೀರೆ ಮಾತ್ರ ಕೆಂಪು!

"ಯಾವುದು ನಿಜ?" ಎಂದೆ.

"ಎರಡೂ ಅಲ್ಲ ಸಾಹೇಬ. ಸಿನಿಮಾ ಕಪ್ಪು-ಬಿಳುಪು."

ಕೆಂಪಿನದಕ್ಕೆ ನೂರು ರೂಪಾಯಿ ಹೆಚ್ಚು ಹೇಳಿದರು. ಕೆಂಪು ಬೇಗ ಮಾಸುತ್ತದಂತೆ, ಉಳಿದದ್ದು ಅಪರೂಪವಂತೆ. ಗುಮಾಸ್ತನ ಸಂಬಳಕ್ಕೆ ಹಸಿರೇ ಒಪ್ಪಿತು.

ಚಿತ್ರೀಕರಣದ ವೇಳೆ ಸ್ಥಿರಚಿತ್ರ ತೆಗೆಯುವವನು ಬೇರೆಯೇ ಇರುತ್ತಿದ್ದ. ಅವನ ಕಪ್ಪು-ಬಿಳುಪು ಪ್ರತಿಯ ಮೇಲೆ ಬಣ್ಣಗಾರ ಹತ್ತಿಯಿಂದಲೋ ಕುಂಚದಿಂದಲೋ ತೆಳುವಾಗಿ ಬಣ್ಣ ಸವರುತ್ತಿದ್ದ. ಕೆಳಗಿನ ನೆರಳು ಮುಚ್ಚಿಹೋಗಬಾರದು, ಕೈಚಳಕವೆಲ್ಲ ಅದರಲ್ಲಿ. ನಾಯಕಿ ನಿಜವಾಗಿ ಉಟ್ಟದ್ದೇನೆಂದು ಆತ ಕಂಡಿರಬೇಕೆಂದಿಲ್ಲ. ಕಂಡಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಏಕೆಂದರೆ ಸ್ಟುಡಿಯೋದಲ್ಲಿ ಬಣ್ಣ ಆರಿಸುತ್ತಿದ್ದುದು ಕಣ್ಣಿಗಾಗಿ ಅಲ್ಲ, ಕ್ಯಾಮೆರಾಕ್ಕಾಗಿ. ಮೊದಲ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ಕಪ್ಪಾಗಿ ಬೀಳುತ್ತಿತ್ತು. ಅಚ್ಚ ಬಿಳುಪು ದೀಪದಡಿ ಕಣ್ಣು ಕೋರೈಸುವುದೆಂದು ಬಿಳಿಯ ಬಟ್ಟೆಗೆ ನಸುಹಳದಿಯನ್ನೋ ನಸುನೀಲಿಯನ್ನೋ ಹಿಡಿಸುತ್ತಿದ್ದುದೂ ಉಂಟು. ಉಟ್ಟದ್ದು ಒಂದು, ತೆರೆಯ ಮೇಲೆ ಕಂಡದ್ದು ಇನ್ನೊಂದು, ಕಾರ್ಡಿನಲ್ಲಿದ್ದದ್ದು ಮೂರನೆಯದು.

ಹಾಗೆಂದು ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಬಣ್ಣದ ಫಿಲ್ಮು ದುಬಾರಿ. 'ಕಿಸಾನ್ ಕನ್ಯಾ' 1937ರಲ್ಲೇ ಬಣ್ಣದಲ್ಲಿ ಬಂದಿದ್ದರೂ, ಕನ್ನಡದಲ್ಲಿ ಪೂರ್ತಿ ಬಣ್ಣದ ಚಿತ್ರಕ್ಕೆ 1964ರ 'ಅಮರಶಿಲ್ಪಿ ಜಕಣಾಚಾರಿ'ಯವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಬಣ್ಣವೇನಿದ್ದರೂ ಬಾಗಿಲ ಹೊರಗೆ. ಅದು ಜನರಿಗೂ ಗೊತ್ತಿತ್ತು.

ಈ ಹೊರಗಿನ ಬಣ್ಣದ ಲೋಕದಲ್ಲಿ ನಮ್ಮವರೊಬ್ಬರು ದೊಡ್ಡ ಹೆಸರು ಮಾಡಿದರು. ಗುಲಬರ್ಗಾದಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಬಂದು ಸಿನಿಮಾ ಭಿತ್ತಿಪತ್ರಗಳನ್ನೂ 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನೂ ಬರೆದರು. ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಕಾರ್ಡುಗಳಿಗೆ ಬಣ್ಣ ಸವರಿದವರ ಹೆಸರು ಮಾತ್ರ ನಾನು ತಿರುಗಿಸಿ ನೋಡಿದ ಯಾವ ಕಾರ್ಡಿನ ಬೆನ್ನಿನಲ್ಲೂ ಇರಲಿಲ್ಲ. ವಿತರಕರ ರಬ್ಬರ್ ಮೊಹರಿತ್ತು, ಅಷ್ಟೆ.

ಈಗ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. 'ಮೊಘಲ್-ಎ-ಆಜಂ' 2004ರಲ್ಲಿ ಪೂರ್ತಿ ಬಣ್ಣ ತೊಟ್ಟಿತು. 1965ರ ನಮ್ಮ 'ಸತ್ಯ ಹರಿಶ್ಚಂದ್ರ' 2008ರಲ್ಲಿ. ಆ ಹೊಸ ಪ್ರತಿಯನ್ನು ಮನೆಯಲ್ಲಿ ಹಾಕಿದಾಗ ತಾಯಿಯವರು ಅರ್ಧಕ್ಕೇ ತಲೆಯಾಡಿಸಿದರು. "ಚಂದ್ರಮತಿ ಸೀರೆ ಈ ಬಣ್ಣದ್ದಲ್ಲವೋ, ಕುಂಕುಮದ ಬಣ್ಣದ್ದು" ಎಂದರು.

"ನೀನು ನೋಡಿದ್ದು ಕಪ್ಪು-ಬಿಳುಪಲ್ಲವೇನಮ್ಮ?"

"ಒಳಗೆ ಕಪ್ಪು-ಬಿಳುಪೇ. ಟೆಂಟಿನ ಬಾಗಿಲಲ್ಲಿ ತಗುಲಿಹಾಕಿದ್ದರಲ್ಲ, ಅದನ್ನು ಕಣ್ತುಂಬ ನೋಡಿಕೊಂಡೇ ಒಳಗೆ ಹೋಗುತ್ತಿದ್ದೆವು."