ಎಮ್ಮೆ ಓದಿದನು!

ಗಣಕಯಂತ್ರದಿಂದ ವಾಕ್ಯ ಕಟ್ಟಿಸುವ ಆಟ ಹೊಸದೇನಲ್ಲ. 1952ರಲ್ಲಿಯೇ ಮ್ಯಾಂಚೆಸ್ಟರಿನಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ ಎಂಬವರು ಯಂತ್ರದಿಂದ ಪ್ರೇಮಪತ್ರಗಳನ್ನೇ ಬರೆಯಿಸಿದ್ದರು. ಪದಗಳ ಪಟ್ಟಿಗಳನ್ನು ಕೊಟ್ಟು, ಚೀಟಿ ಎತ್ತಿದಂತೆ ಒಂದೊಂದನ್ನು ಆಯ್ದು ಪೋಣಿಸೆಂದರೆ ಅದು ಪೋಣಿಸುತ್ತದೆ. ಪೈಥಾನಿನ ಮೊದಲ ಪಾಠಗಳನ್ನು ಮುಗಿಸಿದ ಹುರುಪಿನಲ್ಲಿ ಯಲಹಂಕ ಉಪನಗರದ ಹೈಸ್ಕೂಲು ಹುಡುಗಿಯೊಬ್ಬಳು ಇದೇ ಆಟವನ್ನು ಕನ್ನಡದಲ್ಲಿ ಹೂಡಿದಳು. ತೆರೆಯ ಮೇಲೆ ಮೊದಲು ಮೂಡಿದ ವಾಕ್ಯ: ‘ಎಮ್ಮೆ ರೈಲನ್ನು ಓದಿದನು.’

ಮನೆಯವರೆಲ್ಲ ನಕ್ಕರು. ನಿವೃತ್ತ ಕನ್ನಡ ಪಂಡಿತರಾದ ತಾತ ಮಾತ್ರ ನಗಲಿಲ್ಲ. ಎಮ್ಮೆ ರೈಲನ್ನು ಓದುವುದಕ್ಕೆ ಅವರ ಅಭ್ಯಂತರವಿರಲಿಲ್ಲ. ಆ ‘ದನು’ ಎಂಬುದೇ ಅನ್ನದೊಳಗಿನ ಕಲ್ಲಾಯಿತು. ಅರ್ಥ ಕೆಟ್ಟರೆ ಹಾಸ್ಯವಾದೀತು. ಪ್ರತ್ಯಯ ಕೆಟ್ಟರೆ ಅದು ಕನ್ನಡವೇ ಅಲ್ಲ.

ಇಂಗ್ಲಿಷಿನವರ ಪಾಡು ಸುಲಭ. ಗಂಡಸು ಬರಲಿ, ಹೆಂಗಸು ಬರಲಿ, ಎಮ್ಮೆಗಳ ಹಿಂಡೇ ಬರಲಿ, ‘ಕೇಮ್’ ಎಂದರೆ ಮುಗಿಯಿತು. ಕನ್ನಡಕ್ಕೆ ಬಂದನು, ಬಂದಳು, ಬಂದರು, ಬಂದಿತು, ಬಂದವು ಎಂದು ಐದು ಬೇಕು. ಆದುದರಿಂದ ಹುಡುಗಿ ಪ್ರತಿಯೊಂದು ನಾಮಪದದ ಪಕ್ಕದಲ್ಲಿಯೂ ಲಿಂಗ ವಚನಗಳನ್ನು ನಮೂದಿಸಿ, ಕರ್ತೃ ಯಾರೆಂದು ನೋಡಿದ ಮೇಲೆಯೇ ಕ್ರಿಯಾಪದದ ಪ್ರತ್ಯಯವನ್ನು ಆಯುವಂತೆ ತಿದ್ದಿದಳು. ಕನ್ನಡದಲ್ಲಿ ಲಿಂಗವು ಅರ್ಥವನ್ನೇ ಅನುಸರಿಸುವುದು ಅವಳ ಪುಣ್ಯ. ಸಂಸ್ಕೃತವಾಗಿದ್ದರೆ, ಹೆಂಡತಿ ಎಂಬರ್ಥದ ‘ದಾರ’ ಶಬ್ದ ಪುಲ್ಲಿಂಗವಾಗಿ ನಿಂತು ಕಾಡುತ್ತಿದ್ದಿತು!

ಬಳಿಕ ದ್ವಿತೀಯಾ ವಿಭಕ್ತಿ. ಕೆರೆಗೆ ಯಕಾರ ಸೇರಿ ಕೆರೆಯನ್ನು. ಹೆಬ್ಬಾಳಕ್ಕೆ ವಕಾರ ಸೇರಿ ಹೆಬ್ಬಾಳವನ್ನು. ಕೊನೆಯ ಸ್ವರ ನೋಡಿದರೆ ಸಾಕು. ಆದರೆ ಹಸು ‘ಹಸುವನ್ನು’ ಆದರೆ ಊರು ‘ಊರನ್ನು’ ಆಗುವುದೇಕೆ? ಎರಡರ ತುದಿಯಲ್ಲಿಯೂ ಇರುವುದು ಉಕಾರವೇ. ತಾತ ಉತ್ಸಾಹದಿಂದ ಎದ್ದು ಕುಳಿತರು. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ಹಳಗನ್ನಡದಲ್ಲಿ ಅದು ‘ಊರ್’. ಉಕಾರ ಆಮೇಲೆ ಬಂದು ಸೇರಿದ ನೆಂಟ, ಪ್ರತ್ಯಯ ಬಂದೊಡನೆ ಜಾಗ ಬಿಟ್ಟೇಳುತ್ತದೆ. ಹುಡುಗಿ ಅಂತಹ ಪದಗಳಿಗೆ ಬೇರೊಂದು ಗುರುತು ಹಾಕಿದಳು.

ಕೊನೆಗೆ ಉಳಿದುದು ಮರ್ಯಾದೆಯ ಬಹುವಚನ. ತಾತ, ಅಜ್ಜಿ, ಮೇಷ್ಟರು ಇವರಿಗೆ ‘ಬಂದರು’ ಎಂದಳು. ‘ಕೆಲಸದಾಕೆ’ಗೆ ‘ಬಂದಳು’ ಎಂದಳು. ಇದಕ್ಕೂ ತಾತ ತಲೆದೂಗಿದರು. ಅಡುಗೆಮನೆಯಿಂದ ಅಜ್ಜಿಯ ಧ್ವನಿ ಬಂದಿತು:

“ಅವಳು ನನಗಿಂತ ಎರಡು ವರ್ಷ ದೊಡ್ಡವಳು ಕಣೇ!”

ಹುಡುಗಿ ತಾತನ ಮುಖ ನೋಡಿದಳು. ಇದಕ್ಕೆ ಯಾವ ಸೂತ್ರವೂ ಒದಗದೆ ತಾತ ಕನ್ನಡಕ ಒರೆಸತೊಡಗಿದರು. ಅವಳು ‘ಕೆಲಸದಾಕೆ’ಯನ್ನು ಅಳಿಸಿ ‘ಕೆಲಸದವರು’ ಎಂದು ಬರೆದು ಗುಂಡಿಯೊತ್ತಿದಳು.

‘ಕೆಲಸದವರು ಹೆಬ್ಬಾಳವನ್ನು ತೊಳೆದರು.’

ವ್ಯಾಕರಣದಲ್ಲಿ ಯಾರೂ ತಪ್ಪು ಕಾಣಲಿಲ್ಲ.