ಮೋಡದ ಬೆನ್ನಿಗೆ ಬರೆದ ಗಾಳಿ

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್ಸ್‌ಟೇಬಲ್‌ ಬರೆದ ಮೋಡಗಳಿಗಿಂತ ಅವುಗಳ ಹಿಂಬದಿ ನನ್ನನ್ನು ಹೆಚ್ಚು ಕಾಡುತ್ತದೆ. 1821–22ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆತ ಮತ್ತೆ ಮತ್ತೆ ಬರೀ ಆಕಾಶವನ್ನೇ ಬರೆದ. ಚಿತ್ರದ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿ ಯಾವ ದಿಕ್ಕಿನದು ಎಂಬುದನ್ನೂ ಗುರುತು ಹಾಕಿಟ್ಟ. ಗಿರಣಿ ಮಾಲೀಕನ ಮಗ ಅವನು, ಹರೆಯದಲ್ಲಿ ಗಾಳಿಗಿರಣಿಯಲ್ಲಿ ದುಡಿದವನು. ಮುಗಿಲು ನೋಡಿ ಗಾಳಿಯ ಮನಸ್ಸು ತಿಳಿಯುವುದು ಅಲ್ಲಿ ಹೊಟ್ಟೆಪಾಡಿನ ವಿದ್ಯೆ.

1828ರ ನವೆಂಬರಿನಲ್ಲಿ ಹೆಂಡತಿ ಮರಿಯಾ ಕ್ಷಯದಿಂದ ತೀರಿಹೋದಳು. ಮನೆಯಲ್ಲಿ ಏಳು ಮಕ್ಕಳು. ಮರುವರ್ಷ ಅವನು ಪ್ರದರ್ಶನಕ್ಕಿಟ್ಟದ್ದು ‘ಹ್ಯಾಡ್ಲಿ ಕ್ಯಾಸಲ್’ ಎಂಬ ಚಿತ್ರ: ಒಂದು ಪಾಳುಕೋಟೆ, ಬಿರುಗಾಳಿಯ ರಾತ್ರಿ ಕಳೆದ ಬೆಳಗು. ಆ ಪಾಳುಕೋಟೆಯನ್ನು ನೋಡಿ ಪೆನ್ಸಿಲ್ಲಿನಲ್ಲಿ ಗೀಚಿಕೊಂಡದ್ದು 1814ರಲ್ಲಿ, ಇನ್ನೂ ಮದುವೆಯಾಗದ ದಿನಗಳಲ್ಲಿ. ಈಗ ಅದನ್ನೇ ಹೊರತೆಗೆದ. ಎಡಕ್ಕೆ ಸೀಳುಬಿಟ್ಟ ಗೋಪುರ, ಕೆಳಗೆ ನಾಯಿಯೊಂದಿಗೆ ಒಬ್ಬ ಕುರಿಗಾಹಿ. ಚಾಕುವಿನಿಂದ ಒರಟೊರಟಾಗಿ ಮೆತ್ತಿದ ಬಣ್ಣ. ದೂರದಲ್ಲಿ, ಥೇಮ್ಸ್ ಕಡಲು ಸೇರುವಲ್ಲಿ, ಮೋಡ ಹರಿದು ನೀರಿನ ಮೇಲೆ ಬೆಳ್ಳಗೆ ಬಿದ್ದ ಬೆಳಕು.

ಎಂಥ ಬೆಳಕು ಅದು! ಆದರೂ ನನ್ನ ಕಣ್ಣು ಪ್ರತಿಸಲ ಅಲ್ಲಿಯ ತನಕ ಹೋಗಿ, ಮತ್ತೆ ಗೋಪುರದ ಸೀಳಿಗೇ ಬಂದು ನಿಲ್ಲುತ್ತದೆ.