ಗೋಡೆಯಿಂದ ಕೌದಿಗೆ

ನಮ್ಮ ಅಜ್ಜಿಗೆ ವಯಸ್ಸೆಷ್ಟು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇತ್ತು. ಅದು ಕಾರ್ಡ್ ಮಾಡಿದವರು ಹಾಕಿದ ತಾರೀಖು. ಅಜ್ಜಿಯ ಲೆಕ್ಕವೇ ಬೇರೆ. ಗೋವಾ ಬಿಡುಗಡೆಯಾದಾಗ, ಅಂದರೆ 1961ರಲ್ಲಿ, ದೊಡ್ಡಪ್ಪ ತೊಟ್ಟಿಲಲ್ಲಿದ್ದ. ಡ್ಯಾಮಿನ ಕೆಲಸ ಶುರುವಾದಾಗ ಅಪ್ಪ ಶಾಲೆಗೆ ಹೋಗುತ್ತಿದ್ದ. ಈ ಲೆಕ್ಕ ಹಿಡಿದು ನಾವು ನಾಲ್ವರು ಮೊಮ್ಮಕ್ಕಳು ಕೂಡಿಸಿ ಕಳೆದು ನೋಡಿದರೆ, ಹೋದ ವರ್ಷ ತೀರಿಕೊಂಡಾಗ ಅಜ್ಜಿಗೆ ತೊಂಬತ್ತು ದಾಟಿತ್ತು.

ಅಜ್ಜಿ ಚಿತ್ರ ಬರೆಯುತ್ತಿದ್ದಳು. ಆದರೆ ಅವಳನ್ನು ಕಲಾವಿದೆ ಅಂತ ಯಾರೂ ಕರೆದವರಲ್ಲ. ಸೂಪಾ ಪೇಟೆಗೆ ಹತ್ತಿರದ ಹಳ್ಳಿಯಲ್ಲಿ ಅವಳದು ಮಣ್ಣಿನ ಗೋಡೆಯ ಮನೆ. ದೀಪಾವಳಿ ಹತ್ತಿರ ಬಂತು ಅಂದರೆ ಗೋಡೆಗೆ ಕೆಮ್ಮಣ್ಣು ಬಳಿಯೋದು, ಶೇಡಿ ನೆನೆಹಾಕೋದು, ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಕೆಂಪಿನ ಮೇಲೆ ಬಿಳಿ ಗೆರೆ ಎಳೆಯೋದು. ಬಾಳೆಗಿಡ, ನವಿಲು, ತುಳಸಿಕಟ್ಟೆ, ಸಾಲಾಗಿ ನಿಂತ ಹೆಂಗಸರು. ಮಳೆಗಾಲದ ಸೀತಕ್ಕೆ ಅದೆಲ್ಲ ಮಾಸಿ ಹೋಗುತ್ತಿತ್ತು. ಮುಂದಿನ ವರ್ಷ ಮತ್ತೆ ಬರೆಯುತ್ತಿದ್ದಳು. ಅಳಿಸಿ ಹೋಗುತ್ತೆ ಅನ್ನೋ ಬೇಜಾರು ಅವಳಿಗೆ ಇದ್ದಂತಿರಲಿಲ್ಲ. "ಮಾಸದಿದ್ದರೆ ಹೊಸದು ಎಲ್ಲಿ ಬರೀಲಿ?" ಅಂತ ನಮ್ಮನ್ನೇ ಕೇಳುತ್ತಿದ್ದಳು.

ಆಮೇಲೆ ಸೂಪಾ ಡ್ಯಾಂ ಬಂತು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟಿನ ಎತ್ತರ 101 ಮೀಟರ್, ಉದ್ದ 332 ಮೀಟರ್. ಬುಡದ ವಿದ್ಯುದಾಗಾರದಲ್ಲಿ 50 ಮೆಗಾವ್ಯಾಟಿನ ಎರಡು ಘಟಕ. ನಮ್ಮಲ್ಲಿ ಸಿವಿಲ್ ಓದುವವರಿಗೂ ಎಲೆಕ್ಟ್ರಿಕಲ್ ಓದುವವರಿಗೂ ಈ ಅಂಕಿಗಳು ಹೊಸದಲ್ಲ. ನೀರು ನಿಂತಾಗ ಸೂಪಾ ಪೇಟೆ ಮುಳುಗಿತು, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಊರು ಬಿಟ್ಟ ಅನೇಕ ಕುಟುಂಬಗಳು ರಾಮನಗರಕ್ಕೆ ಬಂದವು. ನಮ್ಮದೂ ಅದರಲ್ಲೊಂದು. ಪಾತ್ರೆ, ದನ, ಹಂಚು, ಬಾಗಿಲು, ದೇವರು, ಎಲ್ಲವನ್ನೂ ತರಬಹುದಿತ್ತು. ಗೋಡೆ ತರೋಕೆ ಬರೋದಿಲ್ಲ. ಅಜ್ಜಿ ಬರೆದಿದ್ದೆಲ್ಲ ಗೋಡೆಯ ಮೇಲೇ ಇತ್ತು.

ರಾಮನಗರದ ಮನೆಗೆ ಸಿಮೆಂಟಿನ ಗಿಲಾವು. ಅಲ್ಲಿ ಕೆಮ್ಮಣ್ಣು ಹಿಡಿಯಲಿಲ್ಲ, ಶೇಡಿಯೂ ಪುಡಿಪುಡಿಯಾಗಿ ಉದುರಿತು. ಎರಡು ದೀಪಾವಳಿ ನೋಡಿ ಅಜ್ಜಿ ಕಡ್ಡಿ ಕೆಳಗಿಟ್ಟಳಂತೆ. ಸೂಜಿ ಹಿಡಿದದ್ದು ಆಮೇಲೆ.

ಕೌದಿ ಹೊಲಿಯುವುದನ್ನು ಅವಳು ಕಲಿತದ್ದು ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೈ ನೋಡಿ. ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ವಂಶ ಅವರದು. ಅವರ ಕೌದಿಗೆ ಒಂದು ಕ್ರಮವಿದೆ. ಕೆಳಗೆ ಹಳೆ ಸೀರೆ, ಮೇಲೆ ತುಂಡು ಬಟ್ಟೆ. ಒಂದು ಮೂಲೆಯಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆ, ಅದಕ್ಕೆ ಫೂಲ ಅಂತಾರೆ, ಅಂದರೆ ಹೂವು. ಅದಿಲ್ಲದ ಕೌದಿ ಬತ್ತಲೆ ಅನ್ನೋದು ಅವರ ಮಾತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೆ ಇದ್ದವು. ಇದನ್ನು ನಾವು ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ: "ಅಲ್ಲಿ ಹೊದ್ಕೊಂಡು ಮಲಗ್ತಾರೋ, ಸುಮ್ನೆ ನೋಡ್ತಾರೋ?"

ಕೇರಳದ ಮಟ್ಟಾಂಚೇರಿಯ ಸಾರಾ ಕೋಹೆನ್ ಎಂಬ ಯಹೂದಿ ಅಜ್ಜಿಯ ಬಗ್ಗೆ ಓದಿದಾಗಲೂ ನಮಗೆ ನಮ್ಮ ಅಜ್ಜಿಯೇ ನೆನಪಾದಳು. ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಬಹುಪಾಲು ಮಂದಿ ಅಲ್ಲಿಗೆ ಹೋದರು. ಸಾರಾ ಹೋಗಲಿಲ್ಲ. ಪ್ರಾರ್ಥನೆಯ ಟೋಪಿ, ಹಬ್ಬದ ರೊಟ್ಟಿ ಮುಚ್ಚುವ ಬಟ್ಟೆಗಳಿಗೆ ಕಸೂತಿ ಹಾಕುತ್ತಾ ಅದೇ ಬೀದಿಯಲ್ಲಿ ಬದುಕಿ, 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರನ್ನೂ ಅಂಗಡಿಯನ್ನೂ ನೋಡಿಕೊಂಡವರು ಮುಸ್ಲಿಮರಾದ ತಾಹಾ ಇಬ್ರಾಹಿಂ. ಅಲ್ಲಿ ಊರು ಉಳಿದು ಜನ ಹೋದರು. ಇಲ್ಲಿ ಜನ ಉಳಿದು ಊರು ಹೋಯಿತು. ಇಬ್ಬರು ಅಜ್ಜಿಯರ ಕೈಯಲ್ಲೂ ಇದ್ದದ್ದು ಸೂಜಿ.

ಅಜ್ಜಿ ಹೊಲಿದ ಕೌದಿಗಳಲ್ಲಿ ಒಂದು ಬೇರೆಯೇ ಇತ್ತು. ಅದರ ನಡುವೆ ಕೆಂಪು ಬಟ್ಟೆ, ಅದರ ಮೇಲೆ ಬಿಳಿ ಪಂಚೆಯ ಪಟ್ಟಿಗಳಲ್ಲಿ ಹಳೆ ಮನೆಯ ಗೋಡೆ: ಅದೇ ನವಿಲು, ಅದೇ ಹೆಂಗಸರ ಸಾಲು. ಸುತ್ತಲೂ ಊರಿನವರ ಬಟ್ಟೆ. ಇದು ಯಾರ ಸೀರೆ, ಇದು ಯಾರ ಅಂಗಿ ಅಂತ ಬೆರಳಿಟ್ಟು ಹೇಳುತ್ತಿದ್ದಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದ ನಮಗೆ ಆ ಮುಳುಗಿದ ಮನೆಗಳ ಹೆಸರು ಗೊತ್ತಾದದ್ದು ಈ ಬಟ್ಟೆಯಿಂದಲೇ. ರಜೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಕೌದಿಯನ್ನು ಅಳತೆಗೆ ಸರಿಯಾಗಿ ಬರೆದು, ತುಂಡು ತುಂಡಿಗೆ ನಂಬರ್ ಕೊಟ್ಟು, ಅಜ್ಜಿ ಹೇಳಿದ ಹೆಸರು ಬರೆದುಕೊಂಡೆವು. 118 ತುಂಡುಗಳಲ್ಲಿ 71ಕ್ಕೆ ಹೆಸರು ಸಿಕ್ಕಿತು. ಉಳಿದವು ಅವಳಿಗೂ ಮರೆತಿದ್ದವು.

ಅಜ್ಜಿ ಕೊನೆಯ ದಿನಗಳಲ್ಲಿ ಹೊದ್ದದ್ದು ಅದೇ ಕೌದಿ. ಸತ್ತವರ ಹಾಸಿಗೆ ಹೊದಿಕೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂದರು ಹಿರಿಯರು. ನಾವು ತಡೆದೆವು. ಇದು ಬರೀ ಹೊದಿಕೆ ಅಲ್ಲ, ಇದರಲ್ಲಿ ಊರಿದೆ, ಬೇರೆ ಯಾವುದಾದರೂ ಕಳಿಸೋಣ ಅಂದೆವು. ಜೋರು ಮಾತೂ ಆಯಿತು. ಕೊನೆಗೆ ಅತ್ತೆ ಹೇಳಿದರು: "ಊರು ಬಿಡುವಾಗ ಗೋಡೆ ತರೋಕೆ ಆಗ್ಲಿಲ್ಲ ಅಂತ ಅವ್ವ ಅತ್ತಿದ್ದನ್ನ ನಾನು ನೋಡೀನಿ. ಈಗಾದರೂ ತಗೊಂಡು ಹೋಗ್ಲಿ." ಅದಕ್ಕೆ ಎದುರು ಹೇಳೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಕೌದಿ ಅವಳ ಜೊತೆ ಹೋಯಿತು.

ನಮ್ಮ ಹತ್ತಿರ ಈಗ ಇರೋದು ಗ್ರಾಫ್ ಹಾಳೆಗಳು ಮತ್ತು ಅಜ್ಜಿಯ ಸೀರೆಗಳು. ಅತ್ತೆ ಒಂದು ಸೀರೆಯನ್ನು ಬಿಚ್ಚಿ ಹಾಸಿದ್ದಾರೆ. ಮೊದಲ ಮೂಲೆಯ ಹೂವು ಆಗಿದೆ. 72ನೇ ತುಂಡಿನಿಂದ ಮುಂದೆ ಏನು ಹಾಕೋದು ಅಂತ ಕೇಳಿದ್ದಕ್ಕೆ, "ನಿಮ್ಮ ಹಳೆ ಅಂಗಿ ಕಳಿಸ್ರೋ" ಅಂದಿದ್ದಾರೆ.